ಮಗನಿಗೆ ಯಾರು ಹೇಳಬೇಕು?
(ಜನ್ನನ ‘ಯಶೋಧರ ಚರಿತೆ’ಯ ಬಗ್ಗೆ ಎರಡು ಮಾತು)

‘ಯಶೋಧರ ಚರಿತೆ’ (ಕ್ರಿ.ಶ. 1209) ಎಂದೊಡನೆ ನಮಗೆ ನೆನಪಾಗುವವರು ಅಮೃತಮತಿ ಮತ್ತು ಆ ಮಾವುತ. ವಿಮರ್ಶಕರು ಆಕೆಯ ಮನಸ್ಸನ್ನೇ ಬಗೆಬಗೆಯಾಗಿ ಸೋಸಿದ್ದಾರೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವೂ ರಾಜ, ರಾಣಿ, ರಾಜಮಾತೆ, ಮಾವುತ ಈ ನಾಲ್ವರ ಸುತ್ತಲೇ ನಿಲ್ಲುತ್ತದೆ. ಜನ್ನನ ಕಾವ್ಯದಲ್ಲಿ ಆ ಮನೆಗೆ ಒಬ್ಬ ಮಗನೂ ಇದ್ದ. ಅವನ ಹೆಸರು ಯಶೋಮತಿ. ಅವನನ್ನು ನಾವು ಗಮನಿಸಿದ್ದು ಕಡಿಮೆ.

ನನಗೆ ಅವನು ನೆನಪಾಗಲು ಕಾರಣವಿದೆ. ಕರಿಮೆಣಸಿನ ಬಳ್ಳಿಗೆ ರೋಗ ತಗುಲಿ, ಬೆಲೆಯೂ ಕುಸಿದು, 2000ದ ನಂತರದ ವರ್ಷಗಳಲ್ಲಿ ವಯನಾಡಿನ ರೈತರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡದ್ದನ್ನು ಪುಲ್ಪಳ್ಳಿಯವರು ಮರೆತಿಲ್ಲ. ನಾನು ಬ್ಯಾಂಕಿಗೆ ಸೇರಿದ ಹೊಸತು. ಹದಿನಾರರ ಹುಡುಗನೊಬ್ಬ ಕೌಂಟರಿನ ಮುಂದೆ ನಿಂತು, “ಸರ್, ಅಪ್ಪನ ಹೆಸರಲ್ಲಿ ಎಷ್ಟು ಸಾಲ ಇತ್ತು?” ಎಂದು ಕೇಳಿದ. ಅಪ್ಪ ಎದೆನೋವಿನಿಂದ ಹೋದರೆಂದು ಮನೆಯಲ್ಲಿ ಹೇಳಿದ್ದರಂತೆ. ಶಾಲೆಯಲ್ಲಿ ಯಾರೋ ಬೇರೆಯೇ ಹೇಳಿದ್ದರು. “ಮನೆಯ ದೊಡ್ಡವರನ್ನು ಕರೆದುಕೊಂಡು ಬಾ” ಎಂದು ಕಳುಹಿಸಿದೆ. ನಿಯಮದ ಪ್ರಕಾರ ಅದು ಸರಿಯೇ. ಆ ಹುಡುಗ ಮತ್ತೆ ಬರಲಿಲ್ಲ.

ಯಶೋಮತಿಗೂ ಮನೆಯಲ್ಲಿ ಯಾರೂ ಹೇಳಲಿಲ್ಲ. ತಂದೆ ಯಶೋಧರನಿಗೂ ಅಜ್ಜಿ ಚಂದ್ರಮತಿಗೂ ವಿಷವಿಟ್ಟವಳು ತಾಯಿಯೇ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ಆ ಇಬ್ಬರೂ ಪ್ರಾಣಿಜನ್ಮಗಳನ್ನು ಎತ್ತಿ ಎತ್ತಿ ಸಾಯುತ್ತಾರೆ. ಕೊನೆಗೆ ಕೋಳಿಗಳಾಗಿದ್ದಾಗ, ರಾಣಿಗೆ ತನ್ನ ಶಬ್ದವೇಧಿ ವಿದ್ಯೆ ತೋರಿಸಲು ಯಶೋಮತಿಯೇ ಬಾಣ ಬಿಟ್ಟು ಅವರನ್ನು ಕೊಲ್ಲುತ್ತಾನೆ. ಅವೇ ಜೀವಗಳು ಅವನ ಮಕ್ಕಳಾದ ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತವೆ. ಪುನರ್ಜನ್ಮವನ್ನು ನಂಬದವರಿಗೂ ಇಲ್ಲಿ ಒಂದು ಮಾತು ಅರ್ಥವಾದೀತು: ಮುಚ್ಚಿಟ್ಟ ಸಾವು ಮನೆ ಬಿಟ್ಟು ಹೋಗುವುದಿಲ್ಲ.

ನಿಜ ಹೊರಬರುವುದು ಸುದತ್ತ ಮುನಿಯ ಬಾಯಿಂದ. ಕೇಳಿದ ಯಶೋಮತಿ ರಾಜ್ಯವನ್ನೇ ತೊರೆಯುತ್ತಾನೆ. ಮುಂದೆ ಇದೇ ಕಥೆಯನ್ನು ಬಾಲಕ ಅಭಯರುಚಿ, ತನ್ನನ್ನು ಬಲಿಕೊಡಲು ನಿಂತ ಮಾರಿದತ್ತನಿಗೆ ಹೇಳುತ್ತಾನೆ. ಬಲಿ ನಿಲ್ಲುತ್ತದೆ. ನಾಲ್ಕೇ ಅವತಾರಗಳ ಈ ಸಣ್ಣ ಕಾವ್ಯದ ದೊಡ್ಡ ಬಲ ಇದು.

ಕೊರತೆಯನ್ನೂ ಹೇಳಬೇಕು. ತಿಳಿದ ಕೂಡಲೇ ವೈರಾಗ್ಯ! ನಿಜ ತಿಳಿಯುವುದಕ್ಕೂ ಮನಸ್ಸು ತಿಳಿಯಾಗುವುದಕ್ಕೂ ನಡುವೆ ಎಷ್ಟೋ ರಾತ್ರಿಗಳಿರುತ್ತವೆ. ಅಮೃತಮತಿಯ ರಾತ್ರಿಯನ್ನು ಅಷ್ಟು ಬಲ್ಲ ಜನ್ನ, ಮಗನ ರಾತ್ರಿಗಳನ್ನು ಬರೆಯಲಿಲ್ಲ. ಧರ್ಮ ಹೇಳುವ ಆತುರ ಕವಿಯನ್ನು ಇಲ್ಲಿ ಗೆದ್ದಿದೆ.

ಜನ್ನ ನಮಗೆ ಹೊರಗಿನವನಲ್ಲ. 1230ರಲ್ಲಿ ಅವನು ಚರಿತ್ರೆ ಬರೆದ ಅನಂತನಾಥ ತೀರ್ಥಂಕರನ ಬಸದಿ ಕಲ್ಪೆಟ್ಟದ ಬಳಿಯ ಪುಳಿಯಾರ್ಮಲದಲ್ಲಿದೆ. ನಮ್ಮೂರ ಸೀತಾದೇವಿ ಕ್ಷೇತ್ರದಲ್ಲಿ ಲವಕುಶರಿಗೂ ಪೂಜೆಯುಂಟು. ತಾಯಿ ಭೂಮಿಗಿಳಿದದ್ದನ್ನು ಆ ಮಕ್ಕಳು ಕಣ್ಣಾರೆ ಕಂಡರೆಂಬುದು ಕಥೆ. ಯಾರೂ ಅವರಿಗೆ ಸುಳ್ಳು ಹೇಳಬೇಕಾಗಲಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಓದುವುದು ಮಲಯಾಳ. ಜನ್ನನ ಕಥೆಯನ್ನು ಅವರಿಗೆ ಕನ್ನಡದಲ್ಲಿ ಹೇಳಬೇಕಾದವರು ಮನೆಯ ಹಿರಿಯರೇ. ಮನೆಯ ಕಥೆಯನ್ನೂ ಅವರೇ ಹೇಳಲಿ, ಬೀದಿಯವರು ಹೇಳುವ ಮೊದಲು.