ಅಗ್ಗದ 7805, ದುಬಾರಿ ಬಿಸಿ

ಮೈಸೂರಿನ ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನದಲ್ಲಿ 5 ವೋಲ್ಟ್ ಕೊಡುವ ಮೂರು ಕಾಲಿನ ರೆಗ್ಯುಲೇಟರ್ 7805 ಇಲ್ಲದ ಬೋರ್ಡು ಹುಡುಕುವುದು ಕಷ್ಟ. ಬೆಲೆ ತೀರಾ ಕಡಿಮೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಓಡದೆ ಊರಲ್ಲೇ ಸಿಗುತ್ತದೆ. ಅಗ್ಗದ್ದನ್ನು ಆರಿಸಿದ್ದಕ್ಕೆ ನನ್ನ ತಕರಾರಿಲ್ಲ, ಲೆಕ್ಕ ಹಾಕದೆ ಆರಿಸಿದ್ದಕ್ಕೆ ಇದೆ.

ಎಲ್ಲರೂ ಮಾಡುವ ಪ್ರಾಜೆಕ್ಟನ್ನೇ ನೋಡಿ: ಟ್ಯಾಂಕು ತುಂಬಿದೊಡನೆ ಸಂಪಿನ ಮೋಟಾರು ನಿಲ್ಲಿಸುವ ಕಂಟ್ರೋಲರ್. 12 ವೋಲ್ಟ್ ಅಡಾಪ್ಟರ್, ಒಂದು ರಿಲೇ, ಒಂದು ವೈಫೈ ಬೋರ್ಡು, ಒಟ್ಟು 200 ಮಿಲಿಆಂಪಿಯರ್ ಅನ್ನೋಣ. 12ರಲ್ಲಿ 5 ಕಳೆದು ಉಳಿದ 7 ವೋಲ್ಟನ್ನು 7805 ಸುಮ್ಮನೆ ಬಿಸಿಯಾಗಿ ಸುಡುತ್ತದೆ: 7 × 0.2 = 1.4 ವ್ಯಾಟ್. ಹೀಟ್‌ಸಿಂಕ್ ಇಲ್ಲದಿದ್ದರೆ ಪ್ರತಿ ವ್ಯಾಟಿಗೆ ಸುಮಾರು 65 ಡಿಗ್ರಿ ಏರಿಕೆ, ಅಂದರೆ 91. ಏಪ್ರಿಲ್ ಮಧ್ಯಾಹ್ನದ 35 ಸೇರಿಸಿದರೆ 126. ಚಿಪ್ಪಿನೊಳಗಿನ ಮಿತಿ 125! ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿದರೆ ಇನ್ನೂ ಮೇಲೆ. ಬಿಸಿ ತೀರಾ ಏರಿದರೆ ಚಿಪ್ಪು ತಾನೇ ಆರಿಹೋಗುತ್ತದೆ, ತಣಿದ ಮೇಲೆ ಮತ್ತೆ ಶುರುವಾಗುತ್ತದೆ. ಹುಡುಗರು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಅಡಾಪ್ಟರನ್ನು 9 ವೋಲ್ಟಿನದಕ್ಕೆ ಬದಲಿಸಿದರೆ ಅದೇ ಲೆಕ್ಕ 87ಕ್ಕೆ ಇಳಿಯುತ್ತದೆ.

ಬ್ಯಾಟರಿಗಂತೂ 7805 ಬೇಡವೇ ಬೇಡ. ಏನೂ ಕೆಲಸವಿಲ್ಲದಾಗಲೂ ಅದಕ್ಕೆ ಸುಮಾರು 5 ಮಿಲಿಆಂಪಿಯರ್ ಬೇಕು. 500 ಮಿಲಿಆಂಪಿಯರ್-ಗಂಟೆಯ 9 ವೋಲ್ಟ್ ಬ್ಯಾಟರಿ ನಾಲ್ಕೇ ದಿನದಲ್ಲಿ ಖಾಲಿ. ಅದರ ಬದಲು ಲಿಥಿಯಂ ಸೆಲ್ಲಿಗೆ ಎಎಂಎಸ್1117 ರೆಗ್ಯುಲೇಟರ್ ಕಟ್ಟುವವರಿದ್ದಾರೆ. 3.3 ವೋಲ್ಟ್ ಕೊಡಲು ಅದಕ್ಕೆ ಮೇಲೆ ಇನ್ನೊಂದು ವೋಲ್ಟಿಗೂ ಹೆಚ್ಚು ಬೇಕು. ಸೆಲ್ಲು ಪೂರ್ತಿ ತುಂಬಿದಾಗಲೇ ಇರುವುದು 4.2. ಇಂಥಲ್ಲಿ ಎಚ್‌ಟಿ7333 ವಾಸಿ, ಅದರ ಸ್ವಂತ ಖರ್ಚು ಕೆಲವೇ ಮೈಕ್ರೋಆಂಪಿಯರ್. ಆದರೆ ಅದರ ಮಿತಿ 250 ಮಿಲಿಆಂಪಿಯರ್, ವೈಫೈ ಬೋರ್ಡು ಆಗೊಮ್ಮೆ ಈಗೊಮ್ಮೆ 300 ದಾಟಿ ಎಳೆಯುತ್ತದೆ. ಸಣ್ಣ ಸೆನ್ಸರಿಗೆ ಮಾತ್ರ ಇಟ್ಟುಕೊಳ್ಳಿ.

ಇನ್ನು ಎಲ್ಲರೂ ಹೊಗಳುವ ಎಲ್‌ಎಂ2596 ಸ್ವಿಚಿಂಗ್ ಮಾಡ್ಯೂಲು. ಬಿಸಿ ಕಡಿಮೆ, ನಿಜ. ಆದರೆ 150 ಕಿಲೋಹರ್ಟ್ಸ್ ಎಂದು ಬರೆದ ಅಗ್ಗದ ಚಿಪ್ಪುಗಳಲ್ಲಿ ಎಷ್ಟೋ 50ರ ಆಸುಪಾಸಿನಲ್ಲಿ ಓಡುವ ನಕಲಿಗಳು. ‘3 ಆಂಪಿಯರ್’ ಎಂದಿದ್ದರೆ ಅರ್ಧ ನಂಬಿ. ಮಾಡ್ಯೂಲಿನ ಹಿತ್ತಾಳೆ ತಿರುಪನ್ನು 5 ವೋಲ್ಟಿಗೆ ತಿರುಗಿಸಿ ಮೀಟರಿನಲ್ಲಿ ನೋಡುವ ಮುಂಚೆ ಬೋರ್ಡು ಜೋಡಿಸಬೇಡಿ. ಆಡಿಯೋ ಸರ್ಕ್ಯೂಟಿಗೆ ಇದರ ಗದ್ದಲ ಆಗದು. ಅಲ್ಲಿ 7805ನ್ನು ಮೀರಿಸುವ ಅಗ್ಗದ ಭಾಗ ನಾನಂತೂ ಕಂಡಿಲ್ಲ.

ಗೋಡೆಯ ಪ್ಲಗ್ಗಿನಿಂದ ನಡೆಯುವ ಪ್ರಾಜೆಕ್ಟಿಗೆ ಇದ್ಯಾವುದೂ ಬೇಕಿಲ್ಲ. ಮನೆಯಲ್ಲಿ ಬಿದ್ದಿರುವ, ಬಿಐಎಸ್ ಗುರುತಿರುವ ಹಳೆಯ ಮೊಬೈಲ್ ಚಾರ್ಜರ್ ಸಾಕು. ನೇರವಾಗಿ 5 ವೋಲ್ಟ್ ಕೊಡುತ್ತದೆ, ಖರ್ಚೂ ಇಲ್ಲ. ಪ್ರಾಜೆಕ್ಟಿಗೆ ಸಹಿ ಹಾಕುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ರಿಪೋರ್ಟಿನಲ್ಲಿ ಬ್ಲಾಕ್ ಡಯಾಗ್ರಾಮಿನ ಪಕ್ಕ ಬಿಸಿಯ ಆ ಒಂದು ಸಾಲಿನ ಗುಣಾಕಾರವನ್ನೂ ಕೇಳಿ.