ಕರ್ತವ್ಯನಿಷ್ಠೆಯೂ ಮನಶ್ಶಾಸ್ತ್ರವೂ

ತೀರಿಸಲಾಗದೆಂದು ತಿಳಿದೂ ಮಾತು ಕೊಟ್ಟು ಸಾಲ ಪಡೆಯುವುದು ಏಕೆ ತಪ್ಪು? 1785ರಲ್ಲಿ ಪ್ರಕಟವಾದ ನೀತಿಗ್ರಂಥದಲ್ಲಿ ಜರ್ಮನ್ ತತ್ತ್ವಜ್ಞ ಇಮ್ಯಾನ್ಯುಯೆಲ್ ಕಾಂಟನು ಈ ನಿದರ್ಶನವನ್ನೇ ಎತ್ತಿಕೊಂಡಿದ್ದಾನೆ. ಎಲ್ಲರೂ ಹಾಗೆ ನಡೆದರೆ ಮಾತೆಂಬುದಕ್ಕೇ ಅರ್ಥವುಳಿಯದು. ಆದುದರಿಂದ ಫಲವೇನೇ ಇರಲಿ, ಸುಳ್ಳು ಮಾತು ಕೊಡದಿರುವುದು ಕರ್ತವ್ಯವೆಂಬುದು ಅವನ ಸಿದ್ಧಾಂತ.

ಅಮೆರಿಕೆಯ ಜೋಶುವಾ ಗ್ರೀನ್ ಈ ಪಂಥವನ್ನು ಪ್ರಶ್ನಿಸಿದ್ದಾರೆ. ಒಬ್ಬನನ್ನು ಕೈಯಾರೆ ತಳ್ಳಿ ಐವರನ್ನು ಉಳಿಸಬಹುದೇ ಎಂಬಂತಹ ಸಂದಿಗ್ಧಗಳನ್ನು ಮುಂದಿಟ್ಟು, 2001ರಲ್ಲಿ ಅವರೂ ಸಂಗಡಿಗರೂ ಮೆದುಳಿನ ವ್ಯಾಪಾರವನ್ನು ಪರೀಕ್ಷಿಸಿದರು. ಭಾವನೆಗೆ ಸಂಬಂಧಿಸಿದ ಭಾಗಗಳು ಅಲ್ಲಿ ಹೆಚ್ಚು ಚುರುಕಾಗಿದ್ದವು. ಕರ್ತವ್ಯವಾದವು ಬಹುಮಟ್ಟಿಗೆ ಭಾವನೆಗೆ ತೊಡಿಸಿದ ತರ್ಕದ ಉಡುಗೆಯೆಂದು 2008ರ ಲೇಖನದಲ್ಲಿ ಅವರು ವಾದಿಸಿದರು.

ವಾದವು ಚತುರವಾದುದು; ಆದರೆ ನಿರ್ಣಯವು ಹುಟ್ಟಿದ ಬಗೆ ಬೇರೆ, ಅದು ಸಲ್ಲುವ ಕಾರಣ ಬೇರೆ. ಭಾವನೆ ನಂಬಲರ್ಹವೇ ಎಂಬುದನ್ನು ಯಂತ್ರವು ಹೇಳಲಾರದು. ಅದಕ್ಕೆ ವಿಚಾರವೇ ಬೇಕು. ಮೊದಲು ಹೊಳೆದುದನ್ನೆಲ್ಲ ಧರ್ಮವೆಂದು ಭ್ರಮಿಸಬಾರದೆಂಬ ಎಚ್ಚರಿಕೆಯಷ್ಟು ಮಾತ್ರ ಈ ಸಂಶೋಧನೆಯಿಂದ ಗ್ರಾಹ್ಯ.

ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಸಹಕಾರಿ ಪತ್ತಿನ ಸಂಘವು ದೇಶದಲ್ಲೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. 1904ರ ಕಾಯಿದೆಯಂತೆ ಗ್ರಾಮೀಣ ಸಂಘಗಳದು ಸಾಮಾನ್ಯವಾಗಿ ಅಮಿತ ಹೊಣೆ. ಒಬ್ಬನು ತಪ್ಪಿದರೆ ಉಳಿದವರು ತೆರಬೇಕು. ಇಂತಹ ಏರ್ಪಾಟಿನಲ್ಲಿ ನೆರೆಯವರ ಮುಂದಿನ ಲಜ್ಜೆಯೂ ಸಾಲ ತೀರಿಸಲು ಪ್ರೇರಕವಾಗುವುದು ಸಹಜ. ಆದರೆ ನೋಡುವವರಿಲ್ಲದಿದ್ದರೂ ಸಾಲವು ಸಾಲವೇ. ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಮಾರಯ್ಯನಿಗೆ ಹೇಳಿದ ಲಕ್ಕಮ್ಮನನ್ನು ಯಾರೂ ನೋಡುತ್ತಿರಲಿಲ್ಲ. ಭಾವವು ಕರ್ತವ್ಯಕ್ಕೆ ಕಾವಲು, ಬುನಾದಿಯಲ್ಲ.