ಅಜ್ಜಿಯ ಸೀರೆ, ಅಜ್ಜಿಗೇ ಕೌದಿ

ಎಪ್ಪತ್ತು ದಾಟಿದ ಅಜ್ಜಿಗೆ ದೀಪಾವಳಿಗೆಂದು ಹೊಸ ಸೀರೆ ಕೊಟ್ಟರೆ ಅದು ಘಳಿಗೆ ಮುರಿಯದೆ ಟ್ರಂಕು ಸೇರುತ್ತದೆ. ಮೊಮ್ಮಕ್ಕಳ ಫೋಟೊ ಅಚ್ಚು ಹಾಕಿಸಿದ ಕಾಫಿ ಕಪ್ ಶೋಕೇಸಿನ ಗಾಜಿನ ಹಿಂದೆ ಕೂರುತ್ತದೆ. ಅವರು ಬಾಳಿ ಬದುಕಿದ ಬಟ್ಟೆಗಳೆಲ್ಲ ಅದೇ ಟ್ರಂಕಿನ ತಳದಲ್ಲಿರುತ್ತವೆ: ಅಂಚು ಹರಿದ ಇಳಕಲ್ ಸೀರೆ, ಬಣ್ಣ ಮಾಸಿದ ಖಣದ ಕುಪ್ಪಸ, ತೀರಿಹೋದ ಯಜಮಾನರ ಧೋತರ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಇಂಥ ಬಟ್ಟೆಗಳಿಂದಲೇ ತಲೆತಲಾಂತರದಿಂದ ಕೌದಿ ಹೊಲಿಯುತ್ತ ಬಂದಿದ್ದಾರೆ. ಮನೆಯ ಹಿರಿಯರಿಗೆ ಹಬ್ಬಕ್ಕೆ ಕೈಯಾರೆ ಮಾಡಿ ಕೊಡುವ ನೆನಪಿನ ಕಾಣಿಕೆಗಳಲ್ಲಿ ಇದಕ್ಕೆ ಸಾಟಿ ಇನ್ನೊಂದಿಲ್ಲ.

ಕಾರಣ ಸರಳ. ಕೌದಿ ಗೋಡೆಗೆ ತೂಗುಹಾಕುವ ವಸ್ತುವಲ್ಲ, ದಿನವೂ ಮೈಮೇಲೆ ಬರುವಂಥದ್ದು. ವರ್ಷಗಟ್ಟಲೆ ಒಗೆದ ಹತ್ತಿಬಟ್ಟೆಯಲ್ಲಿ ಗಂಜಿಯ ಬಿಗುವು ಉಳಿದಿರುವುದಿಲ್ಲ, ನೂಲು ಮೆತ್ತಗಾಗಿರುತ್ತದೆ. ಅಂಥ ಮೂರು ನಾಲ್ಕು ಪದರಗಳನ್ನು ಒಂದರ ಮೇಲೊಂದು ಹಾಸಿ ಸಾಲುಹೊಲಿಗೆ ಹಾಕಿದಾಗ ಪದರಗಳ ನಡುವೆ ಗಾಳಿ ನಿಂತು ಬೆಚ್ಚಗಾಗುತ್ತದೆ. ರಜಾಯಿಯ ಭಾರವಿಲ್ಲ, ಮನೆಯಲ್ಲೇ ಒಗೆಯಬಹುದು. ದೀಪಾವಳಿ ಮುಗಿಯುತ್ತಿದ್ದಂತೆ ಚಳಿ ಶುರುವಾಗುವುದರಿಂದ ಕೊಟ್ಟ ವಾರದಲ್ಲೇ ಅದು ಕೆಲಸಕ್ಕೆ ಬರುತ್ತದೆ.

ಬಟ್ಟೆಯ ಲೆಕ್ಕವೂ ಚೆನ್ನಾಗಿ ಕೂಡಿಬರುತ್ತದೆ. ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆ ಎಂದರೆ 27 ಅಡಿ. ಆರಡಿಯಂತೆ ನಾಲ್ಕು ತುಂಡು ಮಾಡಿದರೆ ಒಂದೇ ಸೀರೆಯಲ್ಲಿ ನಾಲ್ಕು ಪದರ ಸಿಕ್ಕಿ, ಮೂರಡಿ ಬಟ್ಟೆ ತೇಪೆಗೆ ಉಳಿಯುತ್ತದೆ. ನಾಲ್ಕಡಿ ಅಗಲದಲ್ಲಿ ಅರ್ಧ ಇಂಚಿಗೊಂದು ಹೊಲಿಗೆ ಹಾಕುತ್ತ ಹೋದರೆ 96 ಸಾಲು. ಆರಡಿ ಉದ್ದಕ್ಕೆ ಒಟ್ಟು 576 ಅಡಿ ಹೊಲಿಗೆ. ಗಣೇಶನ ಹಬ್ಬಕ್ಕೆ ಶುರು ಮಾಡಿದವರು ದೀಪಾವಳಿಗೆ ಮುಗಿಸಬಹುದು, ಹಬ್ಬ ವಾರವಿದೆ ಎನ್ನುವಾಗ ಸೂಜಿ ಹಿಡಿದವರಿಗೆ ಸಾಧ್ಯವಿಲ್ಲ.

ಹೊಲಿಗೆಗಿಂತ ಮುಖ್ಯವಾದದ್ದು ಬಟ್ಟೆ ಆರಿಸುವುದು. ಅದನ್ನು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು. ಉಡುಗೊರೆ ಗುಟ್ಟಾಗಿದ್ದರೇ ಚೆಂದ ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ಇಳಕಲ್ ಸೀರೆ ಉಟ್ಟು ಬೆಳೆದವರು ದಡಿ ನೋಡಿಯೇ ಸೀರೆಯ ಗುರುತು ಹಿಡಿಯುತ್ತಾರೆ. ಗೋಮಿ, ಗಾಡಿ, ಪರಾಸಪೇಟ ಎಂದು ದಡಿಗಳಿಗೆ ಹೆಸರುಗಳಿವೆ. ಪ್ರತಿ ದಡಿಯ ಹಿಂದೆ ಒಂದು ಸಂದರ್ಭವೂ ಇರುತ್ತದೆ. “ಇದು ಗಾಡಿ ದಡೀದು, ನಿಮ್ಮವ್ವನ ಕುಬಸದಾಗ ಉಟ್ಟದ್ದು” ಎಂದು ಅವರು ಹೇಳುವಾಗ ಒಬ್ಬರು ಬರೆದುಕೊಳ್ಳಬೇಕು. ಯಾವ ತೇಪೆ ಯಾರ ಬಟ್ಟೆಯದು, ಯಾವ ಸಮಾರಂಭದ್ದು ಎಂದು ಒಂದು ಹಾಳೆಯಲ್ಲಿ ಕೌದಿಯ ನಕಾಶೆ ಬರೆದಿಟ್ಟರೆ ಮುಂದಿನ ತಲೆಮಾರಿಗೂ ಅದನ್ನು ಓದಲು ಬರುತ್ತದೆ. ತೀರಿಕೊಂಡವರ ಬಟ್ಟೆಗೆ ಕತ್ತರಿ ಹಾಕುವುದು ಕೆಲವು ಮನೆಗಳಲ್ಲಿ ಒಗ್ಗುವುದಿಲ್ಲ. ಅಜ್ಜಿ ಬೇಡವೆಂದರೆ ಆ ಧೋತರವನ್ನು ಮಡಚಿ ಹಾಗೆಯೇ ಇಟ್ಟುಬಿಡಬೇಕು, ಒತ್ತಾಯ ಸಲ್ಲದು.

ಎಲ್ಲ ಬಟ್ಟೆಯೂ ಕೌದಿಗೆ ಒದಗುವುದಿಲ್ಲ. ಪಾಲಿಯೆಸ್ಟರ್ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಹಳೆಯ ರೇಷ್ಮೆ ಮಡಿಕೆಯ ಗುಂಟ ಸೀಳುತ್ತದೆ; ಜರಿ ಇದ್ದರೆ ವಯಸ್ಸಾದವರ ತೆಳುವಾದ ಚರ್ಮಕ್ಕೆ ಚುಚ್ಚುತ್ತದೆ. ಧಾರೆ ಸೀರೆಯಂಥದ್ದನ್ನು ಕತ್ತರಿಸದಿರುವುದೇ ಮೇಲು. ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸುತ್ತ ಕಾಪಾಡಿದರೆ ಅದು ಹೆಚ್ಚು ಬಾಳುತ್ತದೆ. ಇಳಕಲ್ ಸೀರೆಯಲ್ಲಿ ಸೆರಗನ್ನು ಬೇರೆ ಹಾಸಿನಿಂದ ನೇಯ್ದು, ಒಡಲಿನ ನೂಲಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಟೋಪ್ ತೆನಿ ಎಂದು ಕರೆಯುವ ಆ ಕೆಂಪು ಬಿಳುಪಿನ ಸೆರಗನ್ನು ಬಿಡಿಸಿ ಕೌದಿಯ ನಡುವೆ ಇಡೀ ತುಂಡಾಗಿ ಕೂರಿಸಿದರೆ ಅದರ ಅಂದವೇ ಬೇರೆ. ಕೆಂಪು, ಕಪ್ಪು, ಹಸಿರು ಬಟ್ಟೆಗಳನ್ನು ಮೊದಲೇ ಒಗೆದು, ಒದ್ದೆ ಬಿಳಿಬಟ್ಟೆ ಒತ್ತಿ ನೋಡುವುದು ಕಡ್ಡಾಯ. ಬಣ್ಣ ಬಿಡುವ ಒಂದು ತೇಪೆ ಇಡೀ ಕೌದಿಯನ್ನು ಕೆಡಿಸುತ್ತದೆ.

ಹೊಲಿಗೆಯ ಸೊಗಸು ನೋಡಬೇಕೆನ್ನುವವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ, ಕವಂದಿ ಎಂದು ಕರೆಯುವ ಕೌದಿಗಳನ್ನು ನೋಡಬೇಕು. ಆಫ್ರಿಕಾ ಮೂಲದ ಈ ಸಮುದಾಯದವರು ಅಂಚಿನಿಂದ ಹೊಲಿಗೆ ಆರಂಭಿಸಿ, ತೇಪೆ ಮೇಲೆ ತೇಪೆ ಜೋಡಿಸುತ್ತ ಸುತ್ತು ಬಂದು ನಡುಮಧ್ಯಕ್ಕೆ ಮುಗಿಸುತ್ತಾರೆ. ತೇಪೆ ಕೂರಿಸುವುದೂ ಪದರ ಹಿಡಿಯುವುದೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫುಲಾ’ ಅಂದರೆ ಹೂ ಹೊಲಿಯುತ್ತಾರೆ. ಹೂವಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳ ಅಧ್ಯಯನ ನಡೆಸಿದ ಮೇಲೆ ಅವು ಹೊರದೇಶಗಳಲ್ಲೂ ಪ್ರದರ್ಶನ ಕಂಡವು. ನಾಲ್ಕು ಮೂಲೆಗೆ ನಾಲ್ವರು ಮೊಮ್ಮಕ್ಕಳು ಒಂದೊಂದು ಹೂ ಹೊಲಿದು ಕೊಟ್ಟರೆ ಅಜ್ಜಿಗೆ ಇನ್ನೇನು ಬೇಕು?

ಹೆಸರು, ಇಸವಿ ಹಾಕುವುದಾದರೆ ಕಸೂತಿಯಲ್ಲೇ ಹಾಕಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಈ ಕೆಲಸಕ್ಕೆ ಹೇಳಿಮಾಡಿಸಿದಂಥದ್ದು. ಎಳೆ ಎಣಿಸಿ ಒಮ್ಮೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳುವ ಹೊಲಿಗೆ ಅದು. ಗಂಟು ಇರುವುದಿಲ್ಲ, ಎರಡೂ ಮುಖ ಒಂದೇ ಥರ ಕಾಣುತ್ತದೆ. ಪ್ರತ್ಯೇಕ ತುಂಡಿನ ಮೇಲೆ ಕಸೂತಿ ಮಾಡಿ ಆಮೇಲೆ ಕೌದಿಗೆ ಸೇರಿಸುವುದು ಸುಲಭ.

ಕೌದಿ ಹಿರಿಯರಿಗಾಗಿ ಎಂಬುದನ್ನು ಅಳತೆಯಲ್ಲೂ ತೋರಿಸಬೇಕು. ಮಂಚದಿಂದ ಇಳಿಬಿದ್ದರೆ ರಾತ್ರಿ ಎದ್ದಾಗ ಕಾಲಿಗೆ ತೊಡರುತ್ತದೆ. ಹೊಲಿಗೆ ಉದ್ದುದ್ದ ಬಿದ್ದರೆ ಕಾಲುಂಗುರ ಸಿಕ್ಕಿ ದಾರ ಕಿತ್ತುಬರುತ್ತದೆ. ಗೋಧಿಕಾಳಿನಷ್ಟು ಹೊಲಿಗೆ ಸಾಕು.

ಸೂಜಿ ಹಿಡಿಯಲು ಬಾರದವರು, ದೂರದ ಊರಲ್ಲಿರುವವರು ಕೈಚೆಲ್ಲಬೇಕಿಲ್ಲ. ಹಲವು ಕೈಗಳು ಸೇರಿ ಒಂದೇ ಹೊದಿಕೆ ಹೊಲಿಯಬಹುದು ಎಂಬುದಕ್ಕೆ 2017ರಲ್ಲಿ ಪ್ರಕಟವಾದ ಲೇಖಕಿ ಸುಧಾ ಮೂರ್ತಿಯವರ ‘ತ್ರೀ ಥೌಸಂಡ್ ಸ್ಟಿಚಸ್’ ಪುಸ್ತಕದ ಹೆಸರೇ ಸಾಕ್ಷಿ. ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಣ್ಣುಮಕ್ಕಳು ತಮ್ಮೆಲ್ಲರ ಕೈಯ ಹೊಲಿಗೆ ಸೇರಿಸಿ ಹೊದಿಕೆಯೊಂದನ್ನು ಅವರಿಗೆ ಕೊಟ್ಟ ಸಂಗತಿಯಿಂದಲೇ ಪುಸ್ತಕಕ್ಕೆ ಆ ಹೆಸರು ಬಂದಿದೆ. ಮೂರು ಸಾವಿರ ಕೈಗಳಿಗೆ ಜಾಗ ಸಿಕ್ಕ ಮೇಲೆ ಒಂದು ಕುಟುಂಬದ ಹತ್ತು ಕೈಗಳಿಗೆ ಸಿಗದಿರುವುದಿಲ್ಲ. ಬೆಂಗಳೂರಲ್ಲಿರುವ ಮಗ ತನ್ನ ಹಳೇ ಶರ್ಟಿನ ಜೇಬು ಕಳಿಸಲಿ, ಹೊರದೇಶದ ಮಗಳು ತೇಪೆಯೊಂದನ್ನು ತಾನೇ ಹೊಲಿದು ಅಂಚೆಗೆ ಹಾಕಲಿ. ಉಳಿದದ್ದನ್ನು ಊರಿನಲ್ಲಿ ಕೌದಿ ಹೊಲಿಯುವವರಿಗೆ ಒಪ್ಪಿಸಿ, ಚೌಕಾಸಿ ಮಾಡದೆ ಕೂಲಿ ಕೊಡಬೇಕು. 576 ಅಡಿ ಹೊಲಿಗೆಯ ಶ್ರಮಕ್ಕೆ ನೂರು ಇನ್ನೂರು ರೂಪಾಯಿ ಕೊಟ್ಟು ಕೈತೊಳೆದುಕೊಳ್ಳುವುದು ತಪ್ಪು.

ಓದುಗರಲ್ಲಿ ಒಂದೇ ವಿನಂತಿ. ಬಲಿಪಾಡ್ಯದ ದಿನ ಕೌದಿಯನ್ನು ಅಜ್ಜಿಯ ಕೈಗೆ ಕೊಟ್ಟು ಬರಬೇಡಿ, ಅವರ ಹಾಸಿಗೆಯ ಮೇಲೆ ಹಾಸಿಯೇ ಬನ್ನಿ. ಕೈಗೆ ಕೊಟ್ಟರೆ ಅದೂ ಟ್ರಂಕು ಸೇರುತ್ತದೆ.